ಕೂರುವ ಹಲಗೆ

ಆ ದಿನಗಳಲ್ಲಿ ಸಂಜೆ ಕೆಲಸ ಮುಗಿಸಿ ಬಂದರೆ ನಮ್ಮ ಮಾವನಿಗೆ ಮೊದಲು ಬೇಕಾದದ್ದು ಚಹಾ ಅಲ್ಲ, ಬಕೆಟ್ಟು. ಬಿಸಿನೀರಿಗೆ ಒಂದು ಹಿಡಿ ಉಪ್ಪು ಹಾಕಿ ತಂದಿಟ್ಟರೆ ಎರಡೂ ಕಾಲನ್ನು ಅದರಲ್ಲಿ ಇಳಿಬಿಟ್ಟು "ಅಬ್ಬಾ" ಅನ್ನುತ್ತಿದ್ದರು. ಮೀನಖಂಡ ಕಲ್ಲಿನ ಹಾಗೆ ಗಟ್ಟಿ. ನರಗಳು ಹಗ್ಗದ ಹಾಗೆ ಉಬ್ಬಿರುತ್ತಿದ್ದವು. ಊದಿದ ಪಾದವನ್ನು ನಾನು ಒತ್ತಿದಲ್ಲೆಲ್ಲ ಹೆಬ್ಬೆರಳಿನ ಗುಳಿ ಬಿದ್ದು ಬಹಳ ಹೊತ್ತು ಹಾಗೇ ಉಳಿಯುತ್ತಿತ್ತು.

"ಹುಷಾರು ಮಗಳೇ, ಇಷ್ಟೊಂದು ಹೆಬ್ಬೆಟ್ಟು ಒತ್ತಿದೀಯ. ಮನೆ ಬರೆಸ್ಕೊಂಡುಬಿಟ್ಟೀಯ ಮತ್ತೆ!"

"ಮನೇಲಿ ಏನಿದೆ ಮಾವ ಬರೆಸ್ಕೊಳ್ಳೋಕೆ? ಈ ಬಕೆಟ್ಟಾ?"

"ಬಕೆಟ್ ಮಾತ್ರ ಕೊಡಲ್ಲ."

ಹೀಗೆ ನಗುತ್ತಲೇ ನೋವು ನುಂಗುವ ಮನುಷ್ಯ. ನನ್ನ ಗಂಡ ಆಳಸಮುದ್ರದ ದೊಡ್ಡ ಬೋಟಿನಲ್ಲಿ ದುಡಿಯುತ್ತಾನೆ, ಬಂದಾಗ ಬಂದ. ಮನೆಯಲ್ಲಿ ಉಳಿದವರು ನಾವಿಬ್ಬರು. ಇಬ್ಬರದೂ ಒಂದೇ ಕೆಲಸ. ಮಧ್ಯಾಹ್ನ ಊಟವಾದ ಮೇಲೆ, ಪೇಟೆಯಿಂದ ಬಂದ ಗಿರಾಕಿಗಳನ್ನು ದೋಣಿಯಲ್ಲಿ ಕೂರಿಸಿಕೊಂಡು ದಡದ ಹತ್ತಿರದ ಆಳವಿಲ್ಲದ ನೀರಿನಲ್ಲಿ ಮೀನು ಹಿಡಿಸುವುದು. ಹಿಡಿಯುವುದಲ್ಲ, ಹಿಡಿಸುವುದು. ಮೀನು ಎಲ್ಲಿದೆ ಎಂದು ತೋರಿಸುವವರು ನಾವು, ಗಾಳಕ್ಕೆ ಸಿಗಡಿ ಚುಚ್ಚುವವರು ನಾವು. ಫೋಟೋದಲ್ಲಿ ಮೀನು ಎತ್ತಿ ಹಿಡಿದು ಹಲ್ಲು ಕಿರಿಯುವವರು ಅವರು. ಇರಲಿ ಬಿಡಿ, ಅದರಲ್ಲಿ ನನಗೇನೂ ಹೊಟ್ಟೆಕಿಚ್ಚಿಲ್ಲ.

ಅಲ್ಲಿ ನೀರು ಮೊಣಕಾಲಿನಿಂದ ಸೊಂಟದವರೆಗೆ ಅಷ್ಟೇ. ಎಂಜಿನ್ ಹಾಕಿದರೆ ಕೆಸರೂ ಜೊಂಡೂ ಸುತ್ತಿಕೊಳ್ಳುತ್ತದೆ, ಮೀನೂ ಓಡಿಹೋಗುತ್ತದೆ. ಹಾಗಾಗಿ ದೋಣಿಯ ಹಿಂಬದಿಯಲ್ಲಿ ನಿಂತು ಉದ್ದದ ಬಿದಿರು ಜಲ್ಲೆಯನ್ನು ನೆಲಕ್ಕೆ ಊರಿ ತಳ್ಳಬೇಕು. ಒಳ್ಳೆಯ ಜಾಗ ಸಿಕ್ಕಿತೆನ್ನಿ, ಜಲ್ಲೆಯನ್ನು ಕೆಸರಿಗೆ ಚುಚ್ಚಿ ದೋಣಿಯನ್ನು ಅದಕ್ಕೇ ಕಟ್ಟಿಬಿಡುತ್ತೇವೆ. ಆಮೇಲೆ ಗಿರಾಕಿ ಗಾಳ ಹಾಕುತ್ತಾ ಕೂರುತ್ತಾನೆ, ನಾವೂ ಹಿಂದಿನ ಅಡ್ಡಹಲಗೆಯ ಮೇಲೆ ಕೂರುತ್ತೇವೆ. ಅಲ್ಲ, ಕೂರುತ್ತಿದ್ದೆವು. ಆ ಹಲಗೆ ಹೋದದ್ದೇ ಈ ಕಥೆ.

ದೋಣಿಗಳೆಲ್ಲ ಸಾಹುಕಾರನವು. ಯಾವಾಗಲೂ ಅಚ್ಚ ಬಿಳಿಯ ಬೂಟು ಹಾಕಿಕೊಂಡು ಬರುತ್ತಿದ್ದುದರಿಂದ ನಮ್ಮ ಬಾಯಲ್ಲಿ ಅವನು ಬಿಳಿಬೂಟು. ಕೆಸರಿನ ಊರಲ್ಲಿ ಬಿಳಿ ಬೂಟು ಹಾಕುವವನ ಧೈರ್ಯ ಮೆಚ್ಚಬೇಕು! ಒಂದು ದಿನ ಯಾರೋ ಗಿರಾಕಿಯ ಫೋಟೋದಲ್ಲಿ, ಮೀನಿನ ಹಿಂದೆ, ನಮ್ಮ ಮಾವ ಕಾಲು ಚಾಚಿ ಕೂತದ್ದು ಬಿತ್ತು. ಬಿಳಿಬೂಟು ಅದನ್ನು ನೋಡಿದ.

"ದುಡ್ಡು ಕೊಟ್ಟು ಬಂದೋರ ಮುಂದೆ ಮಹಾರಾಜನ ಥರ ಕೂತ್ಕೊಳ್ಳೋದಾ? ಹೋಟೆಲಲ್ಲಿ ಸಪ್ಲೈಯರ್ ಕೂತಿರ್ತಾನೇನ್ರೀ?"

ಮಾರನೇ ದಿನ ಬೆಳಿಗ್ಗೆ ಬಡಗಿ ಬಂದು ಎಲ್ಲ ದೋಣಿಗಳ ಹಿಂದಿನ ಹಲಗೆ ಕಿತ್ತ. ಅಲ್ಲಿ ಸೋಡಾ ಬಾಟಲಿ ತುಂಬಿದ ಐಸ್ ಪೆಟ್ಟಿಗೆಗಳು ಬಂದು ಕೂತವು. ಬಾಟಲಿ ಕೂರಬಹುದು, ನಾವು ಕೂರಬಾರದು. ಪೆಟ್ಟಿಗೆಯ ಮೇಲೂ ಕೂರುವ ಹಾಗಿಲ್ಲ, ಮುಚ್ಚಳ ನೆಗ್ಗುತ್ತದಂತೆ. ದೋಣಿಯ ಅಂಚಿನ ಮೇಲೆ ಕೂತರೆ ದೋಣಿ ವಾಲುತ್ತದೆ. ಕೂತವರನ್ನು ಹಿಡಿಯಲು ಬಿಳಿಬೂಟಿನ ಮೇಸ್ತ್ರಿಯ ಕುತ್ತಿಗೆಗೆ ಒಂದು ದುರ್ಬೀನು ಬಂತು. ದಡದ ಶೆಡ್ಡಿನ ಮುಂದೆ ಕುರ್ಚಿ ಹಾಕಿಕೊಂಡು, ಕಾಲ ಮೇಲೆ ಕಾಲು ಹಾಕಿ ಕೂತು, ಯಾರು ಕೂತರು ಎಂದು ನೋಡುವುದು ಅವನ ಉದ್ಯೋಗ. ಸಿಕ್ಕಿಬಿದ್ದವರಿಗೆ ಮರುದಿನ ದೋಣಿ ಇಲ್ಲ.

ಇಷ್ಟಾದರೂ ಮಾವ ತುಟಿ ಪಿಟಕ್ಕೆನ್ನಲಿಲ್ಲ. ಅವರ ಸಂಕಟ ಬೇರೆಯೇ ಇತ್ತು. ಅವರ ದೋಣಿಯಲ್ಲಿದ್ದ ಹಲಗೆ ಸಾಹುಕಾರನದಲ್ಲ. ಮಾವನ ಸ್ವಂತ ಹಳೇ ದೋಣಿ ಹುಳ ತಿಂದು ಹೋದಾಗ, ಗಟ್ಟಿಯಾಗಿ ಉಳಿದಿದ್ದ ಹಲಗೆಯೊಂದನ್ನು ತಂದು ಈ ದೋಣಿಗೆ ತಾವೇ ಮೊಳೆ ಹೊಡೆದು ಕೂರಿಸಿಕೊಂಡಿದ್ದರು. ಕೂತೂ ಕೂತೂ ಅದು ನಡುವೆ ನುಣ್ಣಗೆ ಸವೆದಿತ್ತು. ಬಿಳಿಬೂಟು ಅದನ್ನು ಏನು ಮಾಡಿದ ಗೊತ್ತೇ? ದಡದ ಕಲ್ಲುಮೆಟ್ಟಿಲಿಗೂ ದೋಣಿಗೂ ನಡುವೆ ಹಾಕಿಸಿದ. ಗಿರಾಕಿಗಳ ಕಾಲು, ಅದಕ್ಕಿಂತ ಮುಖ್ಯವಾಗಿ ತನ್ನ ಬೂಟು, ಕೆಸರಾಗಬಾರದಲ್ಲ!

"ನಾನು ಕೂರ್ತಿದ್ದ ಜಾಗದ ಮೇಲೆ ಬೂಟುಗಾಲಲ್ಲಿ ಓಡಾಡ್ತಾರಲ್ಲ ಮಗಳೇ," ಎಂದು ಒಮ್ಮೆ ಮಾತ್ರ ಹೇಳಿದರು. ಅವತ್ತು ನಗಲಿಲ್ಲ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟನ್ನು ಯಾರ ಮೇಲೆ ತೀರಿಸಿಕೊಳ್ಳುವುದು? ಬಕೆಟ್ಟನ್ನು ಜೋರಾಗಿ ಕುಕ್ಕಿದೆ, ನೀರೆಲ್ಲ ನನ್ನ ಮೇಲೇ ಚೆಲ್ಲಿತು.

ಒಂದು ಮಧ್ಯಾಹ್ನ ಮಾವನ ಮೊಣಕಾಲು ಕೈಕೊಟ್ಟಿತು. ನಿಂತಲ್ಲೇ ಕುಸಿದು ದೋಣಿಯಿಂದ ದೊಪ್ಪನೆ ನೀರಿಗೆ ಬಿದ್ದರು. ದೋಣಿಯಲ್ಲಿದ್ದ ಗಿರಾಕಿಗಳು ಇದೂ ಟಿಕೆಟ್ಟಿನಲ್ಲಿ ಸೇರಿದೆ ಎಂದುಕೊಂಡು ಚಪ್ಪಾಳೆ ತಟ್ಟಿದರು! ಮಾವ ಎದ್ದು ಕೈಮುಗಿದರು. ಅವರೂ ನಕ್ಕರು, ಇವರೂ ನಕ್ಕರು. ನಾನು ಮಾತ್ರ ನನ್ನ ದೋಣಿಯನ್ನು ಅವರತ್ತ ತಳ್ಳಿದೆ.

ಸಂಜೆ ದಡದಲ್ಲಿ ಬಿಳಿಬೂಟು ಕಾಯುತ್ತಿದ್ದ.

"ಏನಯ್ಯ ಮುದುಕಪ್ಪ, ನಿಲ್ಲೋಕೆ ಆಗ್ದಿದ್ರೆ ಮನೇಲಿರು. ನಾಳೆ ದೊಡ್ಡ ಆಫೀಸರ್ ಬರ್ತಿದಾರೆ, ಈ ನೀರನ್ನೆಲ್ಲ ನನ್ನ ಹೆಸರಿಗೆ ಗುತ್ತಿಗೆ ಕೊಡೋರು. ನಾನೂ ಅವರೂ ನಿನ್ನ ದೋಣೀಲೇ ಬರ್ತೀವಿ. ಕೊನೇತನಕ ನೆಟ್ಟಗೆ ನಿಂತ್ರೆ ಕೆಲಸ ಉಂಟು. ಇಲ್ಲಾಂದ್ರೆ ನಾಳೆಗೇ ಕೊನೆ."

"ನಿಲ್ತೀನಿ ಸಾಹುಕಾರ್ರೇ," ಎಂದರು ಮಾವ.

ದಾರಿಯಲ್ಲಿ ನಮ್ಮ ಜೊತೆ ಮೌನಿ ಬಂದ. ಅವನೂ ದೋಣಿಯವನೇ. ಹೆಸರು ಮೌನಿ, ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ.

"ನಿಲ್ಬೇಡ ದೊಡ್ಡಪ್ಪ. ಕೂತ್ಬಿಡು. ಏನ್ ಮಾಡ್ತಾನೆ ನೋಡೋಣ."

"ನಾನೊಬ್ಬ ಕೂತ್ರೆ ನನ್ನೊಬ್ಬನ ಕೆಲಸ ಹೋಗುತ್ತಪ್ಪ."

ಮೌನಿ ಅಪರೂಪಕ್ಕೆ ಸುಮ್ಮನಾದ. ಆ 'ಒಬ್ಬ' ಅನ್ನುವ ಮಾತು ನನ್ನ ತಲೆಯೊಳಗೆ ಹೊಕ್ಕು ಕೂತಿತು. ಮರುದಿನ ಬೆಳಿಗ್ಗೆ ಸಿಗಡಿ ಬುಟ್ಟಿ ಹೊತ್ತು ಪ್ರತಿಯೊಂದು ದೋಣಿಯ ಹತ್ತಿರ ಹೋದೆ. ಸಿಗಡಿಯ ಜೊತೆ ಒಂದು ಮಾತನ್ನೂ ಹಂಚಿ ಬಂದೆ. ಮಾವನ ದೋಣಿಗೆ ಮಾತ್ರ ಬರೀ ಸಿಗಡಿ.

ಮಧ್ಯಾಹ್ನ ದೋಣಿಗಳು ಹೊರಟವು. ಆಕಾಶ ತಿಳಿಯಾಗಿತ್ತು. ನನ್ನ ದೋಣಿಯಲ್ಲಿ ಒಬ್ಬ ಅಜ್ಜಿ, ಅವರ ಮಗಳು. ಮಾವನ ದೋಣಿಯಲ್ಲಿ ಬಿಳಿಬೂಟು, ಮತ್ತು ದೊಡ್ಡ ಟೋಪಿಯ ಆಫೀಸರ್. ನೀರಿನ ಇಳಿತ ಶುರುವಾಗುವ ಹೊತ್ತು. ಇಳಿಯುವ ನೀರಿನ ಜೊತೆ ಮೀನು ಕಾಲುವೆಗೆ ಬರುತ್ತದೆ, ಅಲ್ಲೇ ಹಿಡಿಯಬೇಕು. ತಡಮಾಡಿದರೆ ದೋಣಿಗಳು ಕೆಸರಿನ ಮೇಲೆ ಕೂತುಬಿಡುತ್ತವೆ. ಆಮೇಲೆ ನೀರು ತಿರುಗಿ ಏರುವವರೆಗೆ ಯಾರಪ್ಪ ಬಂದರೂ ಅಲುಗುವುದಿಲ್ಲ. ಇದು ಬಿಳಿಬೂಟಿಗೂ ಚೆನ್ನಾಗಿ ಗೊತ್ತಿತ್ತು.

ಕಾಲುವೆಯ ಬಾಯಲ್ಲಿ ಎಲ್ಲರೂ ಜಲ್ಲೆ ಊರಿ ದೋಣಿ ಕಟ್ಟಿದೆವು. ಆಫೀಸರ್ ಗಾಳ ಹಾಕಿದರು. ಮಾವ ಅವರ ಹಿಂದೆ ನಿಂತಿದ್ದರು. ಬಿಸಿಲು ನೆತ್ತಿಯ ಮೇಲೆ. ಸ್ವಲ್ಪ ಹೊತ್ತಿಗೆ ಅವರ ಎಡಗಾಲು ನಡುಗತೊಡಗಿತು. ಜಲ್ಲೆಯನ್ನು ಎರಡೂ ಕೈಯಲ್ಲಿ ತಬ್ಬಿಕೊಂಡರು. ನನ್ನ ದೋಣಿಯಿಂದ ಎಲ್ಲವೂ ಕಾಣುತ್ತಿತ್ತು.

ನಾನು ಐಸ್ ಪೆಟ್ಟಿಗೆಯ ಮೇಲೆ ಕೂತೆ.

ದಡದಲ್ಲಿ ಮೇಸ್ತ್ರಿ ಕುರ್ಚಿಯಿಂದ ಎಗರಿದ್ದು ಬರಿಗಣ್ಣಿಗೇ ಕಂಡಿತು. ಪೀಪಿ ಊದಿದ. ಬಿಳಿಬೂಟು ತಿರುಗಿ ನೋಡಿದ.

"ಏಯ್! ಏಳಮ್ಮ ಮೇಲೆ!"

"ಕಾಲು ನೋಯ್ತಿದೆ ಸಾಹುಕಾರ್ರೇ."

"ನಿಂಗಾ? ಈ ವಯಸ್ಸಿಗಾ?"

"ನಂಗಲ್ಲ, ಮಾವಂಗೆ. ಅವರಿಗೆ ಬಿಡುವಿಲ್ಲ, ಅದಕ್ಕೆ ಅವರ ಪರವಾಗಿ ನಾನು ಕೂತೆ."

ನನ್ನ ದೋಣಿಯ ಅಜ್ಜಿ ಕಿಸಕ್ಕನೆ ನಕ್ಕರು. ಅಷ್ಟರಲ್ಲಿ ಆಚೆ ಮೌನಿ ಕೂತ. "ನಂಗೂ ದೊಡ್ಡಪ್ಪನ ಕಾಲೇ ನೋಯ್ತಿರೋದು," ಎಂದ. ಅವನ ಪಕ್ಕದವನು ಕೂತ. ಅದರಾಚೆಯವನು ಕೂತ. ಕಾಲುವೆಯ ಉದ್ದಕ್ಕೂ ಐಸ್ ಪೆಟ್ಟಿಗೆಯ ಮುಚ್ಚಳಗಳು ಕಿರ್ರೆಂದವು. ನೋಡನೋಡುತ್ತಿದ್ದಂತೆ ನಮ್ಮವರಲ್ಲಿ ನಿಂತಿದ್ದವರು ಮಾವ ಒಬ್ಬರೇ.

"ನೋಡ್ರೋ, ಹಿರಿಯರನ್ನ ನೋಡಿ ಕಲೀರಿ!" ಎಂದು ಬಿಳಿಬೂಟು ಎದ್ದು ನಿಂತು ಕಿರುಚಿದ. "ಈ ವಯಸ್ಸಲ್ಲೂ ಹೆಂಗೆ ನಿಂತಿದಾರೆ!"

ಮಾವ ನಮ್ಮನ್ನೆಲ್ಲ ಒಂದು ಸುತ್ತು ನೋಡಿದರು. ಅವರ ಕಣ್ಣು ತುಂಬಿದ್ದು ನನಗೆ ಕಂಡಿತು. ಮೆಲ್ಲಗೆ ಜಲ್ಲೆ ಬಿಟ್ಟರು. ಮೆಲ್ಲಗೆ ಬಗ್ಗಿದರು. ಕೂತರು. "ಅಬ್ಬಾ" ಎಂದದ್ದು ನನ್ನ ದೋಣಿಗೂ ಕೇಳಿಸಿತು.

"ಎಲ್ಲರ ಕೆಲಸ ಹೋಯ್ತು!" ಬಿಳಿಬೂಟು ಕುಣಿದಾಡಿದ. ದೋಣಿ ಓಲಾಡಿತು. "ಒಬ್ಬರೂ ಬೇಡ ನನಗೆ! ಎಲ್ರೂ ಮನೆಗೆ ಹೋಗಿ!"

"ಹಂಗೇ ಆಗ್ಲಿ," ಎಂದರು ಮಾವ ತಣ್ಣಗೆ. "ಹೆಂಗೆ ಹೋಗೋದು ಹೇಳಿ?"

"ಹೆಂಗೆ ಅಂದ್ರೆ? ದೋಣಿ ತಳ್ಳಿ!"

"ಕೆಲಸ ಇಲ್ದೋರು ದೋಣಿ ತಳ್ಳಿದ್ರೆ ತಪ್ಪಾಗುತ್ತಲ್ಲ. ಈಗ ನಾವೂ ನಿಮ್ಮ ಗಿರಾಕಿಗಳೇ. ಯಾರಾದ್ರೂ ತಳ್ಳೋರು ಬಂದ್ರೆ ಹೋಗ್ತೀವಿ."

"ನಂಗೊಂದು ತಣ್ಣಗಿರೋ ಸೋಡಾ!" ಎಂದು ಮೌನಿ ಕೂಗಿದ. ದೋಣಿಯಿಂದ ದೋಣಿಗೆ ನಗು ಹಬ್ಬಿತು. ಗಿರಾಕಿಗಳೂ ನಕ್ಕರು.

ಆಫೀಸರ್ ಮಾತ್ರ ನಗಲಿಲ್ಲ. "ಏನ್ರೀ ಇದು? ನೀರು ಇಳೀತಾ ಇದೆ, ನನಗೆ ಸಂಜೆ ಮೀಟಿಂಗ್ ಇದೆ," ಎಂದರು. ಬಿಳಿಬೂಟಿನ ಮುಖ ಸಣ್ಣಗಾಯಿತು. "ಒಂದೇ ನಿಮಿಷ ಸಾರ್, ನಾನೇ ಕರ್ಕೊಂಡು ಹೋಗ್ತೀನಿ," ಎಂದು ಕಟ್ಟು ಬಿಚ್ಚಿ ಜಲ್ಲೆ ಕಿತ್ತುಕೊಂಡ.

ಕೆಸರಿನಲ್ಲಿ ಜಲ್ಲೆ ಊರಿ ತಳ್ಳಿದ ಮೇಲೆ ಒಂದು ಸುತ್ತು ತಿರುಚಿ ಎಳೆಯಬೇಕು, ಬರದಿದ್ದರೆ ಕೈಬಿಡಬೇಕು. ಬಿಳಿಬೂಟು ಸಿಟ್ಟಿನಲ್ಲಿ ಇದ್ದಬದ್ದ ಬಲವನ್ನೆಲ್ಲ ಹಾಕಿ ತಳ್ಳಿದ. ದೋಣಿ ಹೊರಟಿತು. ಜಲ್ಲೆ ಹೊರಡಲಿಲ್ಲ.

"ಬಿಡಿ ಸಾಹುಕಾರ್ರೇ, ಕೈ ಬಿಡಿ!" ಎಂದು ಮಾವ ಕೂಗಿದರು. ಅವನು ಹಿಡಿದದ್ದನ್ನು ಬಿಡುವ ಜಾತಿಯವನೇ ಅಲ್ಲ. ದೋಣಿ ಅವನ ಕಾಲ ಕೆಳಗಿನಿಂದ ಜಾರಿಕೊಂಡು ಮುಂದೆ ಹೋಯಿತು. ಅವನು ಜಲ್ಲೆಯ ತುದಿ ತಬ್ಬಿಕೊಂಡು ಒಂದು ಗಳಿಗೆ ನೇತಾಡಿದ. ಆಮೇಲೆ ಸರ್ರನೆ ಜಾರಿ ಕೆಸರಿನಲ್ಲಿ ಮೊಣಕಾಲವರೆಗೆ ನಾಟಿಕೊಂಡ. ಈ ಸಲ ಚಪ್ಪಾಳೆ ಹೊಡೆದವರಲ್ಲಿ ನಾನೂ ಇದ್ದೆ.

ಎಲ್ಲರೂ ಕೂತಿದ್ದರು. ಆ ಇಡೀ ನೀರಿನಲ್ಲಿ ನಿಂತಿದ್ದವನು ಅವನೊಬ್ಬನೇ.

"ಕಾಲು ನೋಯುತ್ತೇನಪ್ಪ?" ಎಂದು ನನ್ನ ದೋಣಿಯ ಅಜ್ಜಿ ಕೇಳಿದರು. "ನಮ್ಮ ಹಿಂದೆ ಇವರು ಹೀಗೇ ನಿಂತಿದ್ರೆ ನಮಗೆ ಕೂರೋಕೇ ನಾಚಿಕೆ ಆಗ್ತಿತ್ತು. ಕೂತ್ರೆ ನಿನ್ನ ಗಂಟು ಏನು ಹೋಗುತ್ತೆ?"

ನೀರು ಇಳಿಯುತ್ತಲೇ ಇತ್ತು. ಆಫೀಸರ್ ಗಡಿಯಾರ ನೋಡಿದರು. "ಅವರು ಕೂತ್ಕೊಳ್ಳಲಿ ಬಿಡ್ರೀ ಮಾರಾಯ್ರೆ! ನನ್ನನ್ನ ದಡ ಸೇರಿಸಿ ಮೊದಲು!"

"ಆಯ್ತು, ಕೂತ್ಕೊಳ್ಳಿ," ಎಂದು ಬಿಳಿಬೂಟು ಗೊಣಗಿದ.

"ಮೇಸ್ತ್ರಿಗೆ ಕೇಳಿಸ್ಲಿಲ್ಲ," ಎಂದೆ ನಾನು.

"ಕೂತ್ಕೊಳ್ಳಿ ಅಂದೆನಲ್ಲ!" ದಡದವರೆಗೂ ಕೇಳಿಸಿತು.

"ಯಾರ ಕೆಲಸನೂ ಹೋಗಿಲ್ಲ ತಾನೇ?"

"ಇಲ್ಲ ಕಣಮ್ಮ, ಇಲ್ಲ!"

ಆಗ ಎದ್ದೆವು. ಅವನನ್ನು ಕೆಸರಿನಿಂದ ಎಳೆದು ದೋಣಿಗೆ ಹಾಕಿದವರು ಮಾವ ಮತ್ತು ಮೌನಿ. ಒಂದು ಬೂಟು ಒಳಗೇ ಉಳಿದಿತ್ತು. ಮೌನಿ ಕೈಹಾಕಿ ತೆಗೆದುಕೊಟ್ಟ. ಅದರ ಬಣ್ಣ ಹೇಳುವ ಅಗತ್ಯವಿಲ್ಲ.

ಅವತ್ತು ಮನೆಯಲ್ಲಿ ಕಾಲು ಒತ್ತುತ್ತಾ ಕೂತಾಗ ಮಾವ ಕೇಳಿದರು, "ಬೆಳಿಗ್ಗೆ ಎಲ್ಲರಿಗೂ ಹೇಳಿ ನಂಗೆ ಮಾತ್ರ ಯಾಕೆ ಹೇಳ್ಲಿಲ್ಲ ಮಗಳೇ?"

"ಹೇಳಿದ್ರೆ ಬೇಡ ಅಂತಿದ್ರಿ."

"ಅಂತಿದ್ದೆ," ಎಂದು ಒಪ್ಪಿಕೊಂಡರು.

ಬಾಯಲ್ಲಿ ಹೇಳಿದ್ದು ಆಯಿತು. ಆದರೆ ದಿನಗಳು ಉರುಳಿದರೂ ದೋಣಿಗೆ ಹಲಗೆ ಬರಲಿಲ್ಲ. ಬಡಗಿಗೆ ಪುರುಸೊತ್ತಿಲ್ಲ, ಮೊಳೆ ಬಂದಿಲ್ಲ ಎಂದು ಮೇಸ್ತ್ರಿ ರಾಗ ಎಳೆಯುತ್ತಿದ್ದ. ಒಂದು ಮಧ್ಯಾಹ್ನ ಮಾವ ಸುತ್ತಿಗೆ ಹಿಡಿದುಕೊಂಡೇ ಮನೆಯಿಂದ ಹೊರಟರು. ಮೇಸ್ತ್ರಿಯ ಕಣ್ಣೆದುರಿಗೇ ಮೆಟ್ಟಿಲ ಹಲಗೆ ಎತ್ತಿ, ತೊಳೆದು, ಒರೆಸಿ, ದೋಣಿಯ ಹಿಂಬದಿಗೆ ಮೊಳೆ ಹೊಡೆದರು. ಮೇಸ್ತ್ರಿ ದುರ್ಬೀನಿನಲ್ಲಿ ನೋಡಿದ. ಅಷ್ಟು ಹತ್ತಿರದಿಂದ ಅವನಿಗೆ ಏನು ಕಂಡಿತೋ. ಐಸ್ ಪೆಟ್ಟಿಗೆ ಅವನ ಕುರ್ಚಿಯ ಪಕ್ಕ ಬಂದು ಕೂತಿತು. ಉಳಿದವರು ಶೆಡ್ಡಿನ ಹಿಂದೆ ರಾಶಿ ಬಿದ್ದಿದ್ದ ತಮ್ಮ ತಮ್ಮ ಹಲಗೆ ಹುಡುಕಿಕೊಂಡು ಬಂದರು. ಸುತ್ತಿಗೆ ಕೈಯಿಂದ ಕೈಗೆ ಹೋಯಿತು.

ಗಿರಾಕಿಗಳ ಜೊತೆ ಬಿಳಿಬೂಟು ಬಂದ. ಹೊಸ ಬೂಟು, ಹಾಲಿನಷ್ಟು ಬಿಳಿ. ಕೊನೆಯ ಮೆಟ್ಟಿಲಿಗೆ ಬಂದು ನಿಂತ. ಅಲ್ಲಿಂದ ದೋಣಿಯವರೆಗೆ ಬರೀ ಕೆಸರುನೀರು.

"ಹಲಗೆ ಎಲ್ಲಿ?"

"ಇಲ್ಲಿದೆ ಸಾಹುಕಾರ್ರೇ," ಎಂದರು ಮಾವ ದೋಣಿಯಿಂದಲೇ. "ನಾನು ಕೂತಿದೀನಿ."

ಅವರು ಏಳಲಿಲ್ಲ. ಅವರ ಹಿಂದಿನ ದೋಣಿಗಳಲ್ಲಿದ್ದ ನಾವೂ ಏಳಲಿಲ್ಲ. ಬಿಳಿಬೂಟು ನಮ್ಮನ್ನು ನೋಡಿದ, ನೀರನ್ನು ನೋಡಿದ. ಆಮೇಲೆ ಮೆಟ್ಟಿಲ ಮೇಲೆ ಕೂತು ಬೂಟು ಬಿಚ್ಚತೊಡಗಿದ.