ಹಿಲ್ಡಾಳ ನಿಜವಾದ ವಯಸ್ಸು

"ಎಂಬತ್ತಮೂರು ವರ್ಷ ಬಾಳಿದ ನಮ್ಮ ಹಿಲ್ಡಾ..." ಎಂದು ಪಾದ್ರಿಗಳು ಹೇಳುತ್ತಿದ್ದಂತೆ, ವೈಟ್‌ಹೇವನ್ ಊರಿನ ಇಗರ್ಜಿಯ ಮೂರನೆಯ ಸಾಲಿನ ಮುದುಕಿಯರೆಲ್ಲ ಶವಪೆಟ್ಟಿಗೆಯತ್ತ ಕತ್ತು ಚಾಚಿದರು. ಅವರಲ್ಲೊಬ್ಬಳಾದ ಪೆಗಿ ಬೆರಳು ಮಡಚಿ ಲೆಕ್ಕ ಹಾಕಿದಳು.

"ನೀನು ದೊಡ್ಡೋಳು ಕೂತ್ಕೋ ಅಂತ ಬಸ್ಸಲ್ಲಿ ನಂಗೇ ಸೀಟು ಬಿಟ್ಟುಕೊಡ್ತಿದ್ಲಲ್ಲೇ ಇವಳು," ಎಂದು ಪಕ್ಕದವಳ ಕಿವಿಯಲ್ಲಿ ಅಂದಳು.

ಮುಂದೆ ಕೂತಿದ್ದ ಹಿಲ್ಡಾಳ ಗಂಡ ವಿಲ್ಫ್‌ನ ಹೆಗಲು ಅಲುಗಿತು. ಅಳುತ್ತಿದ್ದಾನೆಂದು ಹಿಲ್ಡಾಳ ತಂಗಿಯ ಮಗಳು ಮೋರೀನ್ ಅವನ ಕೈ ಹಿಡಿದಳು. ಅವನು ನಗು ತಡೆಯುತ್ತಿದ್ದ.

*

ನಾಲ್ಕು ವರ್ಷದ ಹಿಂದೆ ಊರಿನ ಹಳೆಯ ಟೀವಿ ಪ್ರಸಾರ ನಿಲ್ಲುವುದಿತ್ತು. ಟೀವಿಗೆ ಹೊಸ ಡಿಜಿಟಲ್ ಪೆಟ್ಟಿಗೆ ಕೂಡಿಸದಿದ್ದರೆ ಪರದೆ ಕಪ್ಪು. ವಯಸ್ಸಾದವರಿಗೆ ನೆರವಾಗಲೆಂದು ಸರ್ಕಾರ ತನ್ನ ಪಿಂಚಣಿ ಕಚೇರಿಯಲ್ಲಿದ್ದ ಹೆಸರು, ವಿಳಾಸ, ವಯಸ್ಸನ್ನು ಟೀವಿಯವರಿಗೆ ಕೊಟ್ಟಿತ್ತು. ವಿಧವೆ ಹಿಲ್ಡಾ ಆಗಷ್ಟೇ ಹುಟ್ಟೂರಿಗೆ ಮರಳಿ, ವಿಲ್ಫ್‌ನ ಬೀದಿಯಲ್ಲಿ ಮನೆ ಹಿಡಿದಿದ್ದಳು. ಕೇಳಿದವರಿಗೆಲ್ಲ ಎಪ್ಪತ್ತು ಎನ್ನುತ್ತಿದ್ದಳು. ಅವನು ಅವಳ ಮನೆಗೆ ಬಂದು ಮದುವೆಯ ಮಾತೆತ್ತಿದ ಮಧ್ಯಾಹ್ನವೇ ಟೀವಿಯವನೊಬ್ಬ ಬಾಗಿಲು ತಟ್ಟಿದ.

"ಎಪ್ಪತ್ತೈದು ದಾಟಿದೋರಿಗೆ ನಾವೇ ಪೆಟ್ಟಿಗೆ ಹಾಕಿಕೊಡ್ತೀವಮ್ಮ. ನಿಮ್ಮ ಹೆಸರು ನಮ್ಮ ಹತ್ರ ಇದೆ."

"ಮನೆ ತಪ್ಪಿ ಬಂದಿದೀಯಪ್ಪ," ಎಂದು ಹಿಲ್ಡಾ ಬಾಗಿಲು ಹಾಕಿದಳು. ವಿಲ್ಫ್‌ಗೂ ಉತ್ತರ ಕೊಡಲಿಲ್ಲ.

ಪ್ರಸಾರ ನಿಂತಿತು. ಪೆಟ್ಟಿಗೆಯಿಲ್ಲದ ಹಿಲ್ಡಾ, ಟೀವಿ ನೋಡಿದರೆ ತಲೆನೋವು ಎಂದು ಊರಿಗೆಲ್ಲ ಹೇಳಿಕೊಂಡು, ಸಂಜೆ ಪಕ್ಕದ ಮನೆಯ ಧಾರಾವಾಹಿ ಕೇಳಲು ಗೋಡೆಗೆ ಕಿವಿ ಹಚ್ಚಿ ಕೂರುತ್ತಿದ್ದಳು. ಹಾಗೆ ಕೂತಿದ್ದಾಗಲೇ ವಿಲ್ಫ್ ಒಳಗೆ ಬಂದ.

"ಹಿಲ್ಡಾ, ನಾನು ಒಂದನೇ ಕ್ಲಾಸಲ್ಲಿದ್ದಾಗ ನೀನು ದೊಡ್ಡ ಹುಡುಗಿ. ದಿನಾ ನನ್ನ ಮೂಗು ಒರೆಸ್ತಿದ್ದೆ. ನಂಗೀಗ ಎಪ್ಪತ್ತೈದು."

ಅವಳು ಗೋಡೆಯಿಂದ ಕಿವಿ ತೆಗೆದಳು.

"ಮೊದಲೇ ಗೊತ್ತಿತ್ತಾ?"

"ನೀನು ಬಸ್ಸಿಳಿದ ದಿನಾನೇ."

"ಆದ್ರೂ ಮದುವೆಯಾಗೋಣ ಅಂದ್ಯಾ?"

"ಅಂದೆ. ಈಗಲೂ ಅಂತೀನಿ."

ಮರುದಿನ ಅವಳೇ ಫೋನ್ ಮಾಡಿ ಟೀವಿಯವನನ್ನು ಕರೆಸಿದಳು. ವಿಲ್ಫ್‌ಗೆ ಹೂಂ ಅಂದಳು. ವಯಸ್ಸನ್ನು ಮಾತ್ರ ಊರಲ್ಲಿ ಬಾಯಿಬಿಡಕೂಡದೆಂದು ಆಣೆ ಹಾಕಿಸಿಕೊಂಡಳು.

*

ಮಣ್ಣು ಮಾಡಿ ಬಂದವರಿಗೆ ಇಗರ್ಜಿಯ ಹಜಾರದಲ್ಲಿ ಟೀ, ಹ್ಯಾಮ್ ಸ್ಯಾಂಡ್‌ವಿಚ್. ಪಾದ್ರಿಗಳಿಗೆ ದೊಡ್ಡಮ್ಮನ ವಯಸ್ಸು ಹೇಳಿದವರು ಯಾರೆಂದು ಮೋರೀನ್ ಕೇಳಿದಳು.

"ನಾನೇ," ಎಂದ ವಿಲ್ಫ್. "ಎಂಬತ್ತಮೂರಕ್ಕೂ ಹೇಗಿದ್ಲು ಅಂತ ಜನಕ್ಕೆ ಗೊತ್ತಾಗ್ಲಿ ಅನ್ನಿಸ್ತು."

ಪೆಗಿ ತಟ್ಟೆ ಕೆಳಗಿಟ್ಟು, ತನಗೂ ಎಪ್ಪತ್ತೆಂಟಲ್ಲ, ಎಂಬತ್ತೊಂದು ಎಂದಳು. ಪಕ್ಕದವಳು ತನ್ನದಕ್ಕೆ ಐದು ಸೇರಿಸಿದಳು. ಮೇಜಿನ ಸುತ್ತ ನಿಜವಾದ ವಯಸ್ಸುಗಳು ಒಂದೊಂದಾಗಿ ಹೊರಬಿದ್ದವು. ಒಂದೊಂದಕ್ಕೂ ನಗು ಏರಿತು. ವಿಲ್ಫ್ ಕೂಡ ನಗುತ್ತ ಟೀ ಬಗ್ಗಿಸುತ್ತಿದ್ದ. ಪೆಗಿಯ ಕಪ್ಪು ತುಂಬಿತು, ಸಾಸರು ತುಂಬಿತು, ಬಿಳಿಯ ಮೇಜುಬಟ್ಟೆಯ ಮೇಲೆ ಟೀ ಹರಿಯತೊಡಗಿತು. ಅವನು ಪಕ್ಕದ ಖಾಲಿ ಕುರ್ಚಿ ನೋಡುತ್ತ ಬಗ್ಗಿಸುತ್ತಲೇ ಇದ್ದ.