ಬಹುವಚನಕ್ಕೆ ದಂಡ

ಈ ಕಥೆಯಲ್ಲಿ ನಮ್ಮ ಮ್ಯಾನೇಜರನ್ನು ನಾನು ಏಕವಚನದಲ್ಲೇ ಬರೆಯುತ್ತೇನೆ. ನಿಯಮ ಅವನದೇ. ಅಪ್ಪನನ್ನು ಮಾತು ಕಲಿತಾಗಿನಿಂದ ‘ನೀನು’ ಎಂದೇ ಕರೆದವಳು ನಾನು. ಆದರೆ ಇಲ್ಲಿ ಅವರು ಬಹುವಚನದಲ್ಲಿ ಇರುತ್ತಾರೆ. ಅದು ನನ್ನ ನಿಯಮ.

ನಾನಿರುವುದು ಮನೆಯೊಳಗೆ ಕೂತು ಆಡುವ ಆಟಗಳನ್ನು ತಯಾರಿಸುವ ಸಣ್ಣ ಕಂಪನಿಯಲ್ಲಿ. ಹಾಸು, ದಾಳ, ಬಣ್ಣದ ಕಾಯಿಗಳ ಜೊತೆ ಪೆಟ್ಟಿಗೆಯಲ್ಲಿ ಮಡಚಿದ ಒಂದು ಹಾಳೆ ಇರುತ್ತದಲ್ಲ, ಯಾರೂ ಓದದೆ ಜಗಳ ಬಂದಾಗ ಮಾತ್ರ ಹುಡುಕಾಡುವ ಹಾಳೆ, ಅದನ್ನು ಬರೆಯುವವಳು ನಾನು. ಪದವಿ ಮುಗಿಸಿ ಹೋದ ಸಂದರ್ಶನಗಳಲ್ಲೆಲ್ಲ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು ಕೈ ಕೊಟ್ಟಿತ್ತು. ಇಲ್ಲಿ ಮಾತ್ರ ಏನೂ ಕೇಳದೆ, ಒಂದು ಪೆಟ್ಟಿಗೆ ಮುಂದಿಟ್ಟು, ಇದನ್ನು ಆಡುವುದು ಹೇಗೆಂದು ಬರೆ ಎಂದರು. ಬರೆದೆ.

ಮ್ಯಾನೇಜರ್ ಬಂದದ್ದು ಆಮೇಲೆ. ಕಂಪನಿಯ ಯಜಮಾನರ ಅಳಿಯ. ಬಂದ ದಿನವೇ ಎಲ್ಲರನ್ನೂ ಉದ್ದ ಮೇಜಿನ ಸುತ್ತ ನಿಲ್ಲಿಸಿದ.

“ಆಟ ಮಾರೋ ಜನ ನಾವು. ಒಬ್ಬೊಬ್ರ ಮುಖ ನೋಡಿದ್ರೆ ಹೆಣ ಹೊತ್ಕೊಂಡು ಬಂದಂಗಿದೆ. ಇನ್ಮೇಲೆ ಇಲ್ಲಿ ಸಾರು, ಮೇಡಮ್ಮು, ನೀವು, ತಾವು ಎಲ್ಲಾ ಬಂದ್. ಎಲ್ರಿಗೂ ಎಲ್ರೂ ನೀನು. ನನ್ ಹೆಸ್ರು ದೋಸ್ತ್.”

ಒಬ್ಬರನ್ನು ಬಹುವಚನದಲ್ಲಿ ಕರೆದು ಸಿಕ್ಕಿಬಿದ್ದವರಿಗೆ ದಂಡವೂ ಇತ್ತು: ಮಕ್ಕಳ ಆಟವೊಂದರಿಂದ ತೆಗೆದ ಮೊಲದ ಕಿವಿ. ಗುಲಾಬಿ ಬಣ್ಣದ ತುಪ್ಪಳ, ಒಳಗೆ ತಂತಿ, ಒಂದು ಕಿವಿ ನಡುವಿಗೇ ಮುರಿದು ಜೋತಿತ್ತು. ಆಫೀಸಿನೊಳಗೆ ಇರುವಾಗ, ಇನ್ನೊಬ್ಬರು ತಪ್ಪುವವರೆಗೆ ಅದನ್ನು ತಲೆಯಿಂದ ಇಳಿಸುವಂತಿಲ್ಲ.

“ಏ ಮ್ಯೂಟು, ಇದನ್ನ ನೀಟಾಗಿ ಬರ್ಕೊಡು. ಫ್ರೇಮ್ ಹಾಕ್ಸೋಣ,” ಎಂದ. ಮ್ಯೂಟು ಎಂದರೆ ನಾನು. ಆ ಹೆಸರೂ ಅವನು ಕೊಟ್ಟದ್ದೇ.

ಎಲ್ಲ ಆಟಗಳಿಗೂ ಬರೆಯುವಂತೆ ಇದಕ್ಕೂ ಬರೆದೆ. ‘ಈ ಬಾಗಿಲು ದಾಟಿ ಒಳಬಂದ ಪ್ರತಿಯೊಬ್ಬರಿಗೂ ನಿಯಮ ಅನ್ವಯಿಸುತ್ತದೆ.’ ಕೊನೆಯಲ್ಲಿ, ‘ಆಟದ ನಡುವೆ ನಿಯಮ ಬದಲಿಸುವಂತಿಲ್ಲ.’ ಆ ಕೊನೆಯ ಸಾಲು ನಮ್ಮ ಪ್ರತಿ ಪೆಟ್ಟಿಗೆಯಲ್ಲೂ ಇರುತ್ತದೆ. ಯಜಮಾನರು ತಮ್ಮ ಹರೆಯದಲ್ಲಿ ಬರೆದದ್ದು. ಅದನ್ನು ಮುಟ್ಟುವ ಅಧಿಕಾರ ಯಾರಿಗೂ ಇಲ್ಲ.

ಮೊದಮೊದಲು ನಗು ಚೆನ್ನಾಗಿಯೇ ಇತ್ತು. ನಾನೂ ನಕ್ಕಿದ್ದೇನೆ. ಆಮೇಲೆ ಜನ ಹುಷಾರಾದರು. ನೀವು ಎಂದರೆ ದಂಡ, ಅವನಿಗೆ ನೀನು ಎನ್ನಲು ಬಾಯಿ ಬರುವುದಿಲ್ಲ, ಹಾಗಾಗಿ ಎರಡೂ ಇಲ್ಲದ ಒಂದು ಭಾಷೆ ಹುಟ್ಟಿತು. “ಊಟ ಆಯ್ತಾ?” “ಇಲ್ಲೊಂದು ಸಹಿ ಬೇಕಿತ್ತು.” “ಫೋನ್ ಬಂದಿತ್ತು, ವಾಪಸ್ ಮಾಡ್ಬೇಕಂತೆ.” ಯಾರು, ಯಾರಿಗೆ, ಏನೂ ಇಲ್ಲ. ಮಾತುಗಳು ವಾರಸುದಾರರಿಲ್ಲದ ಛತ್ರಿಗಳ ಹಾಗೆ ಆಫೀಸಿನ ತುಂಬ ಒರಗಿ ನಿಂತಿರುತ್ತಿದ್ದವು. ಲೆಕ್ಕ ನೋಡುವ ಅಕ್ಕ ನನ್ನ ಅಮ್ಮನಿಗಿಂತ ದೊಡ್ಡವರು. ಅವರನ್ನು ಅವನು, “ಏನೇ, ಸಂಬಳ ಹಾಕಿದ್ಯೇನೇ?” ಎಂದು ಕೇಳುತ್ತಿದ್ದ. ಅಕ್ಕ ಕಂಪ್ಯೂಟರಿನ ಪರದೆಗೆ, “ಹಾಕಾಗಿದೆ,” ಎಂದು ಉತ್ತರ ಕೊಡುತ್ತಿದ್ದರು.

ಅವನ ತಲೆಗೆ ಮಾತ್ರ ಆ ಕಿವಿ ಒಮ್ಮೆಯೂ ಏರಲಿಲ್ಲ. ‘ನೀವು’ ತಪ್ಪಿ ಬಾಯಿಗೆ ಬರುವುದಕ್ಕೂ ಒಂದು ಅಭ್ಯಾಸ ಇರಬೇಕಲ್ಲ.

ನನ್ನ ಅಪ್ಪ ಕ್ಷೌರದ ಅಂಗಡಿ ಇಟ್ಟಿದ್ದಾರೆ. ಕುರ್ಚಿಗೆ ಹಲಗೆ ಇಟ್ಟು ಕೂರಿಸಬೇಕಾದ ಪುಟ್ಟ ಮಕ್ಕಳಿಗೂ ಅವರು, “ಸ್ವಲ್ಪ ತಲೆ ಎತ್ತಿ ಸಾರ್,” ಎನ್ನುತ್ತಾರೆ. ಗಿರಾಕಿಗಳಲ್ಲಿ ಅರ್ಧ ಜನ ಅವರನ್ನು ಏಕವಚನದಲ್ಲಿ ಕರೆಯುವವರೇ. ಅವರಿಗೂ ಅದೇ ಉತ್ತರ, “ಬನ್ನಿ ಸಾರ್, ಕೂತ್ಕೊಳ್ಳಿ.” ಯಾಕಪ್ಪ ಎಂದು ಒಮ್ಮೆ ಕೇಳಿದ್ದೆ. “ಕತ್ತು ನಮ್ಮ ಕೈಲಿ ಕೊಟ್ಟು ಕಣ್ಮುಚ್ಕೊಂಡು ಕೂತಿರ್ತಾರೆ. ಅಂಥೋರಿಗೆ ಮರ್ಯಾದೆ ಕೊಡ್ಬೇಡ್ವಾ?” ಎಂದಿದ್ದರು.

ಒಂದು ದಿನ ಕನ್ನಡಕ ಮನೆಯಲ್ಲೇ ಮರೆತು ಬಂದಿದ್ದೆ. ಅದನ್ನು ಕೊಡಲು ಅಪ್ಪ ಆಫೀಸಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ನೀರು ಹಚ್ಚಿ ಬಾಚಿದ ಕೂದಲು. ಬಾಗಿಲಲ್ಲಿ ಮ್ಯಾನೇಜರ್ ಎದುರಾದ.

“ಬಾರೋ ದೋಸ್ತ್, ಯಾರನ್ನ ಹುಡುಕ್ತಿದ್ದೀಯ?”

“ನನ್ನ ಮಗಳು ಇಲ್ಲಿ ಕೆಲಸ ಮಾಡ್ತಾಳೆ ಸಾರ್. ನೀವು ಮ್ಯಾನೇಜರಾ?”

“ಸಿಕ್ಕಿಬಿದ್ದ!” ಎಂದು ಅವನು ಚಪ್ಪಾಳೆ ತಟ್ಟಿದ. ನಾನು ಮೇಜು ಬಳಸಿ ಬರುವಷ್ಟರಲ್ಲಿ ಅಪ್ಪನ ತಲೆಯ ಮೇಲೆ ಕಿವಿ ಇತ್ತು. ಹಾಕುವಾಗ ಬಾಚಿದ ಕೂದಲನ್ನು ಬೇಕೆಂದೇ ಕೆದರಿದ್ದ. “ನಗೋ ದೋಸ್ತ್, ಫೋಟೋ.” ಅಪ್ಪ ನಕ್ಕರು. ಕನ್ನಡಕದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಏನಾಗುತ್ತಿದೆ ಎಂದು ತಿಳಿಯದೆ, ನನ್ನ ಕೆಲಸಕ್ಕೆ ತೊಂದರೆಯಾಗದಿರಲಿ ಎಂದು ನಕ್ಕರು. ಆ ನಗುವಿನ ಒಳಗೆ ಏನಿತ್ತೆಂದು ಆ ಕೋಣೆಯಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೆ.

ಮರುದಿನ ಆ ಫೋಟೋ ಗೋಡೆಯ ಫಲಕದ ಮೇಲಿತ್ತು. ಕೆಳಗೆ ‘ಈ ತಿಂಗಳ ಮೊಲ’.

“ಆ ಫೋಟೋ ತೆಗೀಬಹುದಾ?” ಎಂದು ಕೇಳಿದೆ.

“ತಮಾಷೆನ ತಮಾಷೆಯಾಗಿ ತಗೋಬೇಕು ಕಣೇ. ನಿನ್ನಪ್ಪನೇ ನಕ್ಕ, ನಿಂದೇನು?”

ಮನೆಯಲ್ಲಿ ಅಪ್ಪ ಅಮ್ಮನಿಗೆ ಹೇಳಿದ್ದು ಇಷ್ಟೇ: “ಒಳ್ಳೆ ಜನ. ಆಟ ಆಡ್ಸಿದ್ರು.” ಆದರೆ ಆ ವಾರ ಅಂಗಡಿಗೆ ಹೋದಾಗ ಅವರು ಗಿರಾಕಿಯೊಬ್ಬನಿಗೆ, “ತಲೆ ಸ್ವಲ್ಪ ಬಗ್ಲಿ,” ಎನ್ನುವುದು ಕೇಳಿಸಿತು. ನೀವೂ ಇಲ್ಲ, ಸಾರೂ ಇಲ್ಲ. ನಮ್ಮ ಆಫೀಸಿನ ಭಾಷೆ ಅಪ್ಪನ ಬಾಯಿಗೆ ಬಂದಿತ್ತು. ನನಗೆ ಸಿಟ್ಟೇರಿದ್ದು ಆಗ. ಇವನಿಗೆ ಬುದ್ಧಿ ಬರಲಿ ಎಂದು ನನಗೆ ಅನಿಸಲಿಲ್ಲ. ಇವನ ತಲೆಯ ಮೇಲೆ ಆ ಕಿವಿ ಕೂರಬೇಕು, ಅವನು ಹೆದರುವವರ ಎದುರಿಗೇ ಕೂರಬೇಕು, ಅವನೂ ನಗಬೇಕು. ಇಷ್ಟೇ ಬೇಕಿತ್ತು.

ಅಭ್ಯಾಸ ಶುರು ಮಾಡಿದೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಕನ್ನಡಿಯ ಮುಂದೆ, “ಬಾರೋ,” ಎಂದೆ. “ಬಾರ” ಮಾತ್ರ ಹೊರಗೆ ಬಂತು. ‘ಓ’ ಗಂಟಲಲ್ಲೇ ಕೂತಿತು. ಡೈರಿಯಲ್ಲಿ ಪುಟ ತುಂಬ ಬರೆದೆ: ಬಾರೋ, ಹೋಗೋ, ಕೂತ್ಕೊಳ್ಳೋ, ಹೇಳೋ. ಕಾಗುಣಿತ ತಿದ್ದುವ ಮಗುವಿನ ಹಾಗೆ. ಮೊದಲು ಬೈಗುಳದಂತೆ ಕಂಡದ್ದು ಬರಬರುತ್ತ ಬರೀ ಅಕ್ಷರವಾಯಿತು. ಅಮ್ಮ ಬಾಗಿಲು ತಟ್ಟಿ, “ಯಾರ್ ಜೊತೆ ಜಗಳ ನಿಂದು? ನೀರು ಖಾಲಿಯಾಗ್ತಿದೆ,” ಎಂದರು.

ಯಜಮಾನರು ಹೊಸ ಆಟ ನೋಡಲು ಬರುವ ದಿನ ಬಂತು. ಬೆಳಿಗ್ಗೆಯೇ ಮ್ಯಾನೇಜರ್ ನಿಯಮದ ಫ್ರೇಮನ್ನೂ ಕಿವಿಯನ್ನೂ ಬೀರುವಿನ ಹಿಂದೆ ತಳ್ಳಿದ. “ಇವತ್ತೊಂದಿನ ಎಲ್ರೂ ಮರ್ಯಾದೆಯಾಗಿ ನೀವು ಅನ್ನಿ. ಮಾವ ಹಳೇ ಕಾಲದೋರು.” ಮೂಲೆಯ ಫಲಕವನ್ನು ಮರೆತ. ದಿನವೂ ಕಂಡು ಕಂಡು ಅಪ್ಪನ ಫೋಟೋ ಅವನ ಕಣ್ಣಿಗೆ ಅಷ್ಟು ಸವೆದುಹೋಗಿತ್ತು.

ಯಜಮಾನರು ಊರುಗೋಲು ಹಿಡಿದು ಒಂದು ಸುತ್ತು ಬಂದರು. ಎಲ್ಲರನ್ನೂ ಮನೆಯ ಮಕ್ಕಳಂತೆ ನೀನು ಎನ್ನುವ ಮುದುಕರು. ಫಲಕದ ಮುಂದೆ ನಿಂತು ಬಗ್ಗಿ ನೋಡಿದರು.

“ಇದ್ಯಾರು?”

“ಅದಾ ಮಾವ, ಯಾರೋ ಕ್ಷೌರದೋನು. ಸುಮ್ನೆ ತಮಾಷೆಗೆ.”

“ನನ್ನಪ್ಪ,” ಎಂದೆ.

ಅಷ್ಟು ಗಟ್ಟಿಯಾಗಿ ನಾನು ಆ ಕೋಣೆಯಲ್ಲಿ ಯಾವತ್ತೂ ಮಾತಾಡಿರಲಿಲ್ಲ. ಎಲ್ಲರೂ ತಿರುಗಿದರು. ಬೀರುವಿನವರೆಗೆ ನಡೆದೆ. ಫ್ರೇಮನ್ನೂ ಕಿವಿಯನ್ನೂ ತಂದು ಮೇಜಿನ ಮೇಲಿಟ್ಟೆ. ಯಜಮಾನರು ಕನ್ನಡಕ ಹಾಕಿಕೊಂಡು ನಿಯಮವನ್ನು ಗಟ್ಟಿಯಾಗಿ ಓದಿದರು. ತಮ್ಮದೇ ಕೊನೆಯ ಸಾಲು ಬಂದಾಗ ನಿಧಾನಿಸಿದರು.

“ಇದು ಹೇಗಮ್ಮ ಆಡೋದು?”

ನಾನು ಮ್ಯಾನೇಜರ್ ಕಡೆ ತಿರುಗಿದೆ. “ನೀನೇ ಹೇಳೋ.”

‘ಓ’ ಪೂರ್ತಿ ಬಂತು. ಯಾರದೋ ಕೈಯ ಲೋಟ ಟಕ್ಕೆಂದು ಮೇಜಿಗೆ ತಾಗಿತು. ಅವನ ಮುಖ ಕೆಂಪೇರಿತು.

“ಏನೇ ಅಂದೆ?”

“ಹೇಗಾಡೋದು ಅಂತ ಹೇಳೋ ಅಂದೆ. ನಿನ್ನ ಮಾವ ಕೇಳ್ತಿದ್ದಾನಲ್ಲ.”

“ಮಾವ, ಈ ಹುಡ್ಗೀಗೆ ತಲೆ ಕೆಟ್ಟಿದೆ, ನೀವು ಏನೂ ತಪ್ಪು...”

“ಸಿಕ್ಕಿಬಿದ್ದ,” ಎಂದರು ಲೆಕ್ಕದ ಅಕ್ಕ, ಪರದೆಯಿಂದ ಕಣ್ಣು ಕೀಳದೆ.

ಯಜಮಾನರು ಅಳಿಯನನ್ನು ನೋಡಿದರು. “ನೀನು ಇದನ್ನ ಎಷ್ಟು ಸಲ ಹಾಕ್ಕೊಂಡಿದ್ದೀಯಪ್ಪ?”

“ಇದೇ ಮೊದಲು,” ಎಂದರು ಅಕ್ಕ.

“ಒಬ್ಬ ಸೋಲೋದಕ್ಕೇ ಆಗ್ದಿರೋ ಆಟ ನಮ್ಮ ಕಂಪನೀಲಿ ಮಾಡಲ್ಲ. ಹಾಕ್ಕೋ.”

“ಮಾವ, ಎಲ್ರ ಮುಂದೆ...”

“ತಮಾಷೆ ತಾನೆ? ಹಾಕ್ಕೋ.”

ಕಿವಿ ಹಾಕಿದವಳು ನಾನೇ. ಜೆಲ್ ಹಚ್ಚಿ ಹಿಂದಕ್ಕೆ ತಿರುಗಿಸಿದ್ದ ಕೂದಲನ್ನು ಐದೂ ಬೆರಳಲ್ಲಿ ಕೆದರಿ ಹಾಕಿದೆ. ಮುರಿದ ಕಿವಿ ಅವನ ಹುಬ್ಬಿನ ಮೇಲೆ ಜೋತುಬಿತ್ತು. ಫೋನ್ ತೆಗೆದೆ.

“ನಗೋ ದೋಸ್ತ್, ಫೋಟೋ.”

ಅವನು ನಕ್ಕ. ಆ ನಗು ನನಗೆ ಗುರುತಿತ್ತು. ಅದನ್ನೇ ನಾನು ಒಮ್ಮೆ ಆ ಬಾಗಿಲಲ್ಲಿ ನೋಡಿದ್ದೆ.

“ಒಳ್ಳೇದು ಬಂದಿದ್ರೆ ನನಗೂ ಒಂದು ಕಳ್ಸಮ್ಮ,” ಎಂದರು ಯಜಮಾನರು. “ಮನೇಲಿ ಮಗಳಿಗೆ ತೋರಿಸ್ಬೇಕು.”

ಅಷ್ಟಕ್ಕೇ ಮುಗಿಯುತ್ತದೆಂದು ಅವನು ಅಂದುಕೊಂಡಿದ್ದ. ಇನ್ನೊಬ್ಬರು ತಪ್ಪಿದರೆ ಕಿವಿ ಅವರಿಗೆ ಹೋಗಬೇಕಲ್ಲ. ಆದರೆ ಆ ಆಫೀಸಿಗೆ ನೀವು ಎನ್ನದೆ ಬದುಕುವುದನ್ನು ಕಲಿಸಿದವನು ಅವನೇ. ಹೊಸ ಆಟವನ್ನು ವಿವರಿಸುತ್ತ ಅವನು ಒಬ್ಬೊಬ್ಬರನ್ನೇ ಕೆಣಕಿದ. “ಬಣ್ಣ ಹೆಂಗಿದೆ ಹೇಳು?” “ಚೆನ್ನಾಗಿದೆ.” “ನಾನು ಹೇಳಿದ್ದು ಅರ್ಥ ಆಯ್ತಾ?” “ಆಯ್ತು.” ಯಾರ ಬಾಯಿಂದಲೂ ಒಂದು ‘ನಿಮ್ಮ’ ಉದುರಲಿಲ್ಲ. ಕಿವಿ ಹೊತ್ತುಕೊಂಡೇ ದಾಳ ಉರುಳಿಸಿದ, ಕಾಯಿ ನಡೆಸಿದ, ಬೆವರು ಒರೆಸಿಕೊಂಡ. ಕೊನೆಗೆ ನನ್ನನ್ನು ಕೇಳಿದ. ಆ ಕಣ್ಣಲ್ಲಿ ಬೇಡಿಕೆಯೇ ಇತ್ತು.

“ನಿಯಮ ಬರೆಯೋಳು ನೀನು. ನಿಂಗೇನನ್ಸುತ್ತೆ?”

“ತುಂಬಾ ಚೆನ್ನಾಗಿ ಆಡ್ತೀಯ ಕಣೋ,” ಎಂದೆ.

ಸಂಜೆ ಹೊರಡುವಾಗಲೂ ಅದು ಅವನ ತಲೆಯ ಮೇಲೇ ಇತ್ತು. ಫಲಕದಿಂದ ಅಪ್ಪನ ಫೋಟೋ ಬಿಡಿಸಿಕೊಂಡು ಚೀಲಕ್ಕೆ ಹಾಕಿದೆ. ಕೆಳಗಿನ ಬರಹವನ್ನು ಹಾಗೇ ಬಿಟ್ಟೆ. ಬೆಳಿಗ್ಗೆ ಬೇಕಾಗುತ್ತದೆ. ಈ ಕೆಲಸ ಉಳಿಯುತ್ತದೋ ಹೋಗುತ್ತದೋ ನನಗೆ ಗೊತ್ತಿರಲಿಲ್ಲ. ಹೋದರೂ ಇವತ್ತಿನದು ವಾಪಸ್ ಹೋಗುವುದಿಲ್ಲ.

ನೇರ ಅಂಗಡಿಗೆ ಹೋದೆ. ಅಪ್ಪ ಟವೆಲ್ ಮಡಚುತ್ತಿದ್ದರು. ಆ ಫೋಟೋ ತೆರೆದು ಫೋನ್ ಕೊಟ್ಟೆ. ಅವರು ಕನ್ನಡಿಯ ಮೇಲಿನ ದೀಪದ ಕೆಳಗೆ ಹಿಡಿದು ನೋಡಿದರು. ಇದು ತಪ್ಪಮ್ಮ ಎನ್ನುತ್ತಾರೆ ಎಂದು ನಾನು ಕಾದೆ. ಅವರು ಎರಡು ಬೆರಳಲ್ಲಿ ಚಿತ್ರವನ್ನು ಹಿಗ್ಗಿಸಿದರು, ಕಿವಿಗಳ ನಡುವಿನ ಜಾಗವನ್ನು ಸರಿಯಾಗಿ ಬೆಳಕಿಗೆ ತಂದರು. ಮೀಸೆಯ ಒಂದು ತುದಿ ಅಲುಗಿತು.

“ನೆತ್ತಿ ಬೋಳಾಗ್ತಿದೆ ಇವನಿಗೆ,” ಎಂದರು.

ಆಮೇಲೆ ಫೋನ್ ನನ್ನ ಕೈಗಿಟ್ಟು, ಬಾಗಿಲಲ್ಲಿ ನಿಂತಿದ್ದ ಗಿರಾಕಿಗೆ ಕುರ್ಚಿ ತಿರುಗಿಸಿದರು. “ಬನ್ನಿ ಸಾರ್. ಕೂತ್ಕೊಳ್ಳಿ.”