ವಿಭೂತಿಯ ಗೆರೆಗಳು

ರಿಬ್ಬನ್ನಿನ ಗಂಟು ಮೂರನೇ ಸಲವೂ ಜಾರಿತು. ಪದ್ಮಶ್ರೀ ಮಗಳನ್ನು ಮೊಣಕಾಲುಗಳ ನಡುವೆ ಒತ್ತಿ ಕೂರಿಸಿಕೊಂಡು, ಉಸಿರು ಬಿಗಿಹಿಡಿದು ಮತ್ತೆ ಕಟ್ಟಲು ನೋಡಿದಳು. ರಿಬ್ಬನ್ನಿನ ತುದಿ ಸಿಗುವಷ್ಟರಲ್ಲಿ ಬೆರಳು ಅಕ್ಕಿಕಾಳಿನಷ್ಟು ಆಚೆ ಸರಿಯುತ್ತಿತ್ತು.

"ಅವ್ವಾ, ನಿನ್ ಕೈ ಯಾಕ ಇಂಗ್ ಕುಣೀತದ?" ಮಾಲಿನಿ ಕತ್ತು ತಿರುಗಿಸಿ ಕೇಳಿದಳು.

"ಮೆಲ್ಲಗ ಮಾತಾಡು. ನಿನ್ ತಲ ಅಲ್ಲಾಡ್ತಾ ಅದ, ಅದ್ಕ."

"ನಾ ಅಲ್ಲಾಡ್ನಿಲ್ಲ."

ಅತ್ತೆ ಬಂಗಾರಮ್ಮ ನಡುಮನೆಯ ದೇವರ ಗೂಡಿನ ಪಕ್ಕದ ಗೋಡೆಗೆ ವಿಭೂತಿ ಬೆರಳಿನಿಂದ ಒಂದು ಗೆರೆ ಎಳೆದು, ಅಲ್ಲಿಂದಲೇ "ಇವತ್ತಿಗ ಇಪ್ಪತ್ತೆಲ್ಡು" ಎಂದರು. ಆಚೆ ಬಂದು, ಏನೂ ಕೇಳದೆ ರಿಬ್ಬನ್ ಕಸಿದುಕೊಂಡು ಎರಡೂ ಜಡೆ ಕಟ್ಟಿ ಮುಗಿಸಿದರು. ಅಂದು ಜೂನ್ ನಾಲ್ಕು, ಸೋಮವಾರ. ಪಣಕಹಳ್ಳಿಯ ಶಾಲೆಯಲ್ಲಿ ಮಾಲಿನಿಗೆ ಒಂದನೇ ತರಗತಿಯ ಮೊದಲ ದಿನ. ಚೀಲ ಹೆಗಲಿಗೇರಿಸಿ ಮೊಮ್ಮಗಳ ಕೈ ಹಿಡಿದು ಹೊರಟವರು ಬಂಗಾರಮ್ಮ. ಪದ್ಮಶ್ರೀ ಜಗಲಿಯ ಕಂಬದ ಹತ್ತಿರ ನಿಂತು ನೋಡಿದಳು.

ಕೈ ನಡುಗತೊಡಗಿ ಐದು ದಿನವಾಗಿತ್ತು. ಅದನ್ನು ಅಡಗಿಸುವ ದಾರಿಗಳನ್ನೂ ಅವಳು ಅಷ್ಟರಲ್ಲಿ ಕಂಡುಕೊಂಡಿದ್ದಳು. ನೀರಿನ ಚೊಂಬನ್ನು ಅರ್ಧವೇ ತುಂಬುತ್ತಿದ್ದಳು. ಮುದ್ದೆ ತಿರುವುವಾಗ ಕೋಲನ್ನು ಎರಡೂ ಕೈಯಲ್ಲಿ ಹಿಡಿಯಬೇಕಾದ್ದರಿಂದ ಯಾರಿಗೂ ತಿಳಿಯುತ್ತಿರಲಿಲ್ಲ. ಜಡೆ ಕಟ್ಟುವುದೊಂದನ್ನು ಮಾತ್ರ ಅವಳು ಮೊದಲೇ ಯೋಚಿಸಿರಲಿಲ್ಲ.

ಎರಡು ವರ್ಷದ ಹಿಂದೆ, ಮಾರ್ಚಿನಲ್ಲಿ, ಅವಳು ಹನ್ನೊಂದು ರಾತ್ರಿ ನಿದ್ದೆ ಮಾಡಿರಲಿಲ್ಲ. ಒಲೆಯ ಮೇಲೆ ಸದಾ ಕಾಫಿ ಇರುತ್ತಿತ್ತು. ಯಾರೂ ಏಳುವ ಮುಂಚೆ ಮನೆಯ ಮುಂದಿನ ಗೋಡೆಗೆ ಸುಣ್ಣ ಬಳಿದಳು, ಸಂಜೆಗೆ ಅದೇ ಗೋಡೆಗೆ ಇನ್ನೊಮ್ಮೆ ಬಳಿದಳು. ಹನ್ನೆರಡನೇ ಬೆಳಿಗ್ಗೆ ಮೂರು ವರ್ಷದ ಮಗುವನ್ನು ಕಂಕುಳಿಗೇರಿಸಿಕೊಂಡು ಮಾದಪ್ಪನ ಬೆಟ್ಟಕ್ಕೆ ನಡೆದೇ ಹೋಗುತ್ತೇನೆಂದು ಹೊರಟಳು. ಜೀರಹಳ್ಳಿಯಾಚೆಯ ಕಾಡಿನಲ್ಲಿ, ಆನೆ ದಾಟುವ ಜಾಗದಲ್ಲಿ, ಅರಣ್ಯ ಇಲಾಖೆಯ ವಾಚರ್ ಒಬ್ಬ ಇಬ್ಬರನ್ನೂ ಕಂಡು ಬೈಕಿನಲ್ಲಿ ಕರೆತಂದ. ಮಗುವಿನ ತುಟಿ ಒಣಗಿ ಬಿರಿದಿತ್ತು. ಮೈಸೂರಿನ ಡಾಕ್ಟರು ಕಾಯಿಲೆಗೆ ಬೈಪೋಲಾರ್ ಎಂದು ಹೆಸರು ಹೇಳಿ ಲಿಥಿಯಂ ಮಾತ್ರೆ ಶುರುಮಾಡಿದರು. ಅಲ್ಲಿಂದೀಚೆಗೆ ಬಂಗಾರಮ್ಮ ಮಗುವನ್ನು ಬರೀ ತಾಯಿಯ ಜೊತೆ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ಈ ಮೇ ತಿಂಗಳಲ್ಲಿ ಡಾಕ್ಟರು ಕೇಳಿದ್ದರು, ದಿನಕ್ಕೆ ಎಷ್ಟು ಲೋಟ ಕಾಫಿ? ಏಳು, ಎಂದಳು ಪದ್ಮಶ್ರೀ. "ನಿದ್ದೆಗೆ ಒಳ್ಳೇದಲ್ಲ. ವಾರಕ್ಕೊಂದು ಲೋಟ ಕಡಿಮೆ ಮಾಡ್ತಾ ಬನ್ನಿ. ಒಮ್ಮೆಗೇ ಬಿಡಬೇಡಿ." ಗಂಡ ಮಹದೇವಪ್ರಸಾದ್ ಆಗ ಮಾತ್ರೆ ತರಲು ಹೋಗಿದ್ದ. ಕೇಳಿಸಿಕೊಂಡವರು ಅತ್ತೆ ಸೊಸೆ ಇಬ್ಬರೇ.

ಮೇ ಹದಿನಾಲ್ಕರ ಸೋಮವಾರ ಬಂಗಾರಮ್ಮ ದೇವರ ಗೂಡಿನ ಮುಂದೆ ಕೈಮುಗಿದು ಗಟ್ಟಿಯಾಗಿ ಹರಕೆ ಹೇಳಿಕೊಂಡರು. "ಮಾದಪ್ಪಾ, ನಲವತ್ತೆಂಟು ದಿನ ನನ್ ಸೊಸ ಕಾಫಿ ಮುಟ್ಟಕಿಲ್ಲ. ಸ್ವಾಮಾರ ಸ್ವಾಮಾರ ಒಪ್ಪೊತ್ತು, ಉಪ್ಪಿಲ್ದ ಸಪ್ಪ ಊಟ. ಅವ್ಳ ತಲ ನೆಟ್ಟಗ ನಿಲ್ಲುಸು ನನ್ನಪ್ಪಾ." ಆಮೇಲೆ ಸೊಸೆಯ ಕಡೆ ತಿರುಗಿ, "ನಲವತ್ತೆಂಟು ತುಂಬುದ್ ಮಾರ್ನೆ ದಿನದಿಂದ ಕೂಸ್ನ ನೀನೇ ಇಸ್ಕೂಲ್ಗ ಕರ್ಕಂಡೋಗು. ನಾ ತಡ್ಯಕಿಲ್ಲ" ಎಂದರು.

ಡಾಕ್ಟರ ಮಾತು ಪದ್ಮಶ್ರೀಗೆ ನೆನಪಿತ್ತು. ಅವಳು ಹೂಂ ಎಂದಳು.

ಮೊದಲ ವಾರ ತಲೆನೋವು, ತೂಕಡಿಕೆ. ಎರಡನೇ ವಾರ ಎಲ್ಲ ಹಗುರಾದಂತಿತ್ತು. ಮೂರನೇ ವಾರ ಬೆರಳು ನಡುಗಿದವು. ಇದು ಕಾಯಿಲೆಯೇ ಮರಳುತ್ತಿರುವುದೋ ಬೇರೆಯೋ ಅವಳಿಗೆ ಗೊತ್ತಾಗಲಿಲ್ಲ. ಗೊತ್ತಾದದ್ದು ಒಂದೇ: ಬಾಯಿಬಿಟ್ಟರೆ ಗೋಡೆಯ ಗೆರೆಗಳು ಅಲ್ಲಿಗೇ ನಿಲ್ಲುತ್ತವೆ.

ಬಂಗಾರಮ್ಮ ಶಾಲೆಯಿಂದ ಮರಳುವಾಗ ಪಕ್ಕದ ಮನೆಯ ಶಿವಮಲ್ಲಮ್ಮನೂ ಜೊತೆಗಿದ್ದಳು. ಬಂದವರಿಗೆ ಕಾಫಿ ಕೊಡದೆ ಕಳಿಸುವ ಮನೆ ಅದಲ್ಲ. ಪದ್ಮಶ್ರೀ ಡಿಕಾಕ್ಷನ್ ಬಸಿದಳು, ಬೆಲ್ಲ ಹಾಕಿದಳು, ವಾಸನೆಗೆ ಮುಖ ತಿರುಗಿಸಿ ಹಾಲು ಬೆರೆಸಿದಳು. ಬೆಳಿಗ್ಗೆಯಿಂದ ಹೊಟ್ಟೆ ಕೆಟ್ಟು ಮೂರು ಸಲ ಹಿತ್ತಿಲಿಗೆ ಹೋಗಿ ಬಂದಿದ್ದಳು. ಎರಡು ಲೋಟ ಹಿಡಿದು ನಡುಮನೆಗೆ ಕಾಲಿಡುವಾಗ ನೆಲ ಒಂದು ಕಡೆಗೆ ವಾಲಿದಂತಾಯಿತು.

"ಏನಮ್ಮಿ ಪದ್ಮಾ, ಕಳ್ ಕುಡ್ದವ್ರಂಗ ನಡೀತಿದ್ದೀಯಲ್ಲಾ!" ಶಿವಮಲ್ಲಮ್ಮ ನಕ್ಕಳು.

ನಗು ಮುಗಿಯುವ ಮುಂಚೆಯೇ ಲೋಟಗಳು ನೆಲಕ್ಕೆ ಬಿದ್ದವು. ಕಾಫಿ ದೇವರ ಗೂಡಿನ ಕೆಳಗಿನವರೆಗೂ ಹರಿಯಿತು. ಪದ್ಮಶ್ರೀ ಗೋಡೆ ಹಿಡಿದು ಕುಸಿದು ಕೂತು ವಾಂತಿ ಮಾಡಿದಳು.

ಬಂಗಾರಮ್ಮ ಮೊದಲು ಸೊಸೆಯ ಕೈಯನ್ನೂ, ಆಮೇಲೆ ಚೆಲ್ಲಿದ ಕಾಫಿಯನ್ನೂ ನೋಡಿದರು. "ಕದ್ದು ಕುಡ್ದಿದ್ದೀಯಾ? ದಿಟ ಹೇಳು. ಮಾದಪ್ಪ ಸುಮ್ನಿರಕಿಲ್ಲ."

"ಕುಡ್ದಿಲ್ಲ ಅತ್ತಮ್ಮ."

"ಮತ್ತ ಕೈ ಯಾಕ ಇಂಗಾಡ್ತದ?"

"ಐದ್ ದಿನದಿಂದ ಆಡ್ತಾ ಅದ. ನಾ ಹೇಳ್ನಿಲ್ಲ."

"ಯಾಕ ಹೇಳ್ನಿಲ್ಲ?"

"ಹೇಳಿದ್ರ ಕೂಸ್ನ ಕೊಡ್ತಿದ್ರಾ?"

ಶಿವಮಲ್ಲಮ್ಮ ಸೆರಗನ್ನು ಬಾಯಿಗೆ ಅಡ್ಡ ಹಿಡಿದು, "ಇದೆಲ್ಲ ಆ ಮಾತ್ರೆ ಕಾಟ ಕಣಕ್ಕ. ಅದ್ನ ಬುಡ್ಸಿ ಒಂದ್ ಯಂತ್ರ ಕಟ್ಸು" ಎಂದಳು. ಅಷ್ಟರಲ್ಲಿ ಜೋಳದ ಹೊಲದಿಂದ ಬಂದ ಮಹದೇವಪ್ರಸಾದ್ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಯಾರೂ ಏನೂ ಬುಡ್ಸದ್ ಬ್ಯಾಡ. ಚಾಮರಾಜನಗರದ ಬಸ್ ಇನ್ನೂ ಬಂದಿಲ್ಲ. ಏಳು ಪದ್ಮಾ" ಎಂದ. ಅವಳು ಒಬ್ಬಳೇ ಏಳಲಾರದೆ ಹೋದಾಗ ತೋಳು ಹಿಡಿದು ಎತ್ತಿದ.

ಚಾಮರಾಜನಗರದಲ್ಲಿ ಬಸ್ಸು ಬದಲಿಸಿ ಮೈಸೂರು ಮುಟ್ಟಿದರು. ಅಲ್ಲಿನ ನರ್ಸಿಂಗ್ ಹೋಮಿನಲ್ಲಿ ರಕ್ತ ತೆಗೆದುಕೊಂಡು ಸಲೈನ್ ಹಾಕಿದರು. ಸಂಜೆ ಡಾಕ್ಟರು ಚೀಟಿ ಹಿಡಿದು ಬಂದು ಮಂಚದ ಪಕ್ಕ ಕುರ್ಚಿ ಎಳೆದುಕೊಂಡರು. ಐವತ್ತು ದಾಟಿದ ಹೆಂಗಸು, ಮಾತು ಕಡಿಮೆ.

"ರಕ್ತದಲ್ಲಿ ಲಿಥಿಯಂ ಒಂದು ಪಾಯಿಂಟ್ ಆರು ಇದೆ. ಹೋದ ತಿಂಗಳು ಪಾಯಿಂಟ್ ಎಂಟು ಇತ್ತು. ಮಾತ್ರೆ ಹೆಚ್ಚಿಗೆ ನುಂಗಿದ್ರಾ?"

"ಇಲ್ಲ. ದಿನಕ್ಕೆ ಮೂರೇ."

"ನೀರು ಕುಡೀತಿದ್ರಾ? ಉಪ್ಪು?"

"ಸೋಮವಾರ ಸಪ್ಪೆ ಊಟ. ಹರಕೆ."

"ಕಾಫಿ?"

ಪದ್ಮಶ್ರೀ ಗಂಡನ ಕಡೆ ನೋಡಲಿಲ್ಲ. "ಬಿಟ್ಟೆ. ಒಂದೇ ದಿನಕ್ಕೆ."

"ನಾನು ಹೇಳಿರಲಿಲ್ವಾ?"

"ಹೇಳಿದ್ರಿ."

ಡಾಕ್ಟರು ಬೈಯಲಿಲ್ಲ. ಕಾಫಿ ಕುಡಿಯುವವರಲ್ಲಿ ಮಾತ್ರೆಯ ಅಂಶ ಮೂತ್ರದಲ್ಲಿ ಹೆಚ್ಚು ಹೋಗುತ್ತದೆ, ಕಾಫಿ ಒಮ್ಮೆಗೇ ನಿಂತರೆ ಅದು ಮೈಯಲ್ಲೇ ಉಳಿಯುತ್ತದೆ, ಉಪ್ಪು ಕಡಿಮೆಯಾದರೂ ಹಾಗೆಯೇ, ಎರಡೂ ಸೇರಿಕೊಂಡವು, ಎಂದು ಬಿಡಿಸಿ ಹೇಳಿದರು. ಮಾತ್ರೆ ಸದ್ಯಕ್ಕೆ ನಿಲ್ಲಿಸಿ, ರಕ್ತ ಸರಿಹೋದ ಮೇಲೆ ದಿನಕ್ಕೆ ಎರಡು. ವಾರಕ್ಕೆ ಮತ್ತೆ ರಕ್ತಪರೀಕ್ಷೆ. ಬಿಟ್ಟ ಕಾಫಿಯನ್ನು ಈಗ ಮತ್ತೆ ಹಿಡಿಯುವುದು ಬೇಡ, ಹಿಡಿಯಬೇಕೆನಿಸಿದರೆ ಮೊದಲು ತಮಗೆ ತಿಳಿಸಬೇಕು. ಉಪ್ಪು ಮಾತ್ರ ದಿನವೂ ಬೇಕು, ಸೋಮವಾರವೂ.

"ಇದು ಆ ಕಾಯಿಲೆ ಅಲ್ವಾ ಮೇಡಂ?"

"ಅಲ್ಲ. ಇನ್ನೂ ಎರಡು ದಿನ ತಡಮಾಡಿದ್ರೆ ಜೀವಕ್ಕೇ ಬರ್ತಿತ್ತು. ಆದರೆ ಆ ಕಾಯಿಲೆ ಅಲ್ಲ."

"ಹಂಗಂತ ಬರ್ದು ಕೊಡ್ತೀರಾ? ಕನ್ನಡದಲ್ಲಿ."

ಗುರುವಾರ ಮಧ್ಯಾಹ್ನ ಬಸ್ಸಿಳಿದು ಮನೆಗೆ ಬಂದಾಗ ಬಂಗಾರಮ್ಮ ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದರು. ಹಣೆಗೆ ಒಂದು ಬಟ್ಟೆ ಬಿಗಿದಿದ್ದರು. ಮಹದೇವಪ್ರಸಾದ್ ಚೀಟಿ ಓದಿ ಹೇಳಿದ: ಮಾತ್ರೆಯ ಪ್ರಮಾಣ ರಕ್ತದಲ್ಲಿ ಹೆಚ್ಚಾಗಿತ್ತು, ಕಾಯಿಲೆ ಮರುಕಳಿಸಿಲ್ಲ, ದಿನವೂ ಉಪ್ಪು ತಿನ್ನಬೇಕು.

"ಕಾಗ್ಜದಾಗಿರದ್ನ ಮಾದಪ್ಪ ಓದಾನ?" ಎಂದರು ಬಂಗಾರಮ್ಮ. ಆಮೇಲೆ, "ನಡುಕ ನಿಂತದಾ?"

"ಕಮ್ಮಿ ಆಗದ ಅತ್ತಮ್ಮ. ಪೂರಾ ಹೋಗಿಲ್ಲ."

"ಡಾಕ್ಟ್ರು ಮೆಲ್ಲಗ ಬುಡು ಅಂದಿದ್ನ ನಾನೂ ಕೇಳಿದ್ದಿ. ಮೆಲ್ಲಗ ಬುಡದು ಹರಕ ಆಯ್ತದಾ ಅಂದ್ಕಂಡಿ." ಮೊರವನ್ನು ಒಮ್ಮೆ ಕೇರಿ ಸಿಪ್ಪೆ ಊದಿದರು.

ಪದ್ಮಶ್ರೀ ಒಳಗೆ ಹೋಗಿ ದೇವರ ಗೂಡಿನ ಮುಂದೆ ನಿಂತಳು. ಇಪ್ಪತ್ತೆರಡು ಗೆರೆ ಹಾಗೆಯೇ ಇದ್ದವು. ಅವುಗಳ ಕೆಳಗೆ, ಒಂದು ಗೇಣು ಬಿಟ್ಟು, ಹೊಸದಾಗಿ ಮೂರು ಗೆರೆ. ಅವಳು ಎರಡು ಸಲ ಎಣಿಸಿದಳು. ಅಡುಗೆಮನೆಯಲ್ಲಿ ಅತ್ತೆಯ ಹಿತ್ತಾಳೆ ಲೋಟ ತೊಳೆದು ಬೋರಲಾಗಿ ಇಟ್ಟಿತ್ತು. ಅದರ ತಳದ ಮೇಲೆ ತೆಳುವಾಗಿ ಧೂಳು ಕೂತಿತ್ತು.

"ಅವು ನನ್ವು" ಎಂದರು ಬಂಗಾರಮ್ಮ, ಹಿಂದಿನಿಂದ. "ಹರಕ ಹೇಳ್ಕಂಡವ್ಳು ನಾನು. ನಾನೇ ತೀರುಸ್ತಿನಿ. ಉಪ್ಪೂವ, ಕಾಫಿಯೂವ."

"ತಲ ನೋಯ್ತಾ ಅದಾ ಅತ್ತಮ್ಮ?"

"ಬಿಸ್ಲು" ಎಂದರು. ಹೊರಗೆ ಬೆಳಿಗ್ಗೆಯಿಂದ ಮೋಡ ಕವಿದಿತ್ತು.

ಮಗುವಿನ ವಿಷಯ ಯಾರೂ ಎತ್ತಲಿಲ್ಲ. ಮರುದಿನ ಬೆಳಿಗ್ಗೆ ಪದ್ಮಶ್ರೀ ರಿಬ್ಬನ್ ಕಟ್ಟಿದಳು. ಒಂದು ಗಂಟು ಎರಡನೇ ಸಲಕ್ಕೆ, ಇನ್ನೊಂದು ಮೊದಲ ಸಲಕ್ಕೇ ನಿಂತಿತು. ಬಂಗಾರಮ್ಮ ನಾಲ್ಕನೇ ಗೆರೆ ಎಳೆದು ಬಂದು, ಶಾಲೆಯ ಚೀಲವನ್ನು ಎತ್ತಿ ಒಂದು ಗಳಿಗೆ ಕೈಯಲ್ಲೇ ಹಿಡಿದು ನಿಂತರು. ಆಮೇಲೆ ಸೊಸೆಯ ಮುಂದೆ ಚಾಚಿದರು.

"ಓಗು. ಒತ್ತಾಯ್ತದ. ಕೂಸ್ನ ಕೈ ಬುಡಬ್ಯಾಡ."

ಶಾಲೆಗೆ ಅರ್ಧ ಮೈಲಿ. ಎರಡೂ ಕಡೆ ಮೊಣಕಾಲೆತ್ತರದ ಜೋಳ, ಆಚೆ ಸೋಲಾರ್ ಬೇಲಿ, ಅದರಾಚೆ ಕಾಡು. ಮಾಲಿನಿ ತಾಯಿಯ ಬೆರಳುಗಳನ್ನು ತನ್ನ ಮುಷ್ಟಿಯಲ್ಲಿ ಹಿಡಿದುಕೊಂಡಿದ್ದಳು. ಒಂದೆರಡು ಸಲ ಗಟ್ಟಿಯಾಗಿ ಅದುಮಿ ನೋಡಿ, "ಈಗ ಸ್ವಲ್ಪವೇ ಕುಣೀತದ" ಎಂದಳು.

ಸೇತುವೆಯ ಹತ್ತಿರ ಮಗು ಹಿಂದಿರುಗಿ ನೋಡಿ, "ಅಜ್ಜಿ!" ಎಂದಿತು.

ಪದ್ಮಶ್ರೀಯೂ ತಿರುಗಿದಳು. ಇಪ್ಪತ್ತು ಮಾರು ಹಿಂದೆ, ಹಣೆಗೆ ಬಟ್ಟೆ ಬಿಗಿದ ಬಂಗಾರಮ್ಮ ದಾರಿಯ ಮಧ್ಯೆ ನಿಂತಿದ್ದರು. ಅವರು ಅವಸರವಾಗಿ ಬಗ್ಗಿ, ಒಂದು ಕಾಲೆತ್ತಿ, ಅಂಗಾಲಿನಲ್ಲಿ ಮುಳ್ಳು ಹುಡುಕತೊಡಗಿದರು. ಪದ್ಮಶ್ರೀ ಮಗಳ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಅವರು ಹುಡುಕಿ ಮುಗಿಸುವವರೆಗೆ ಅಲ್ಲೇ ನಿಂತಳು.